ನೌಕೆಯ ಕವಚಕ್ಕೆ ಎಲುಬು ಕೊಡುವ ಮೊದಲು

ಅಂತರಿಕ್ಷ ನೌಕೆಗಳ ಬಿಡಿಭಾಗಗಳು ಕೆಲವು ವರ್ಷಗಳಿಂದ ಎಲುಬಿನಂತೆ ಕಾಣತೊಡಗಿವೆ. ನಾಸಾದ ಗಾಡರ್ಡ್ ಕೇಂದ್ರದ ಎಂಜಿನಿಯರ್ ರಯಾನ್ ಮೆಕ್ಲೆಲ್ಯಾಂಡ್ ಅವರು ಕಂಪ್ಯೂಟರಿನ ನೆರವಿನಿಂದ ರೂಪಿಸಿದ ಬ್ರಾಕೆಟ್‌ಗಳ (ಉಪಕರಣಗಳನ್ನು ಹಿಡಿದಿಡುವ ಆಧಾರಗಳ) ಚಿತ್ರಗಳು 2023ರಲ್ಲಿ ಎಲ್ಲೆಡೆ ಹರಿದಾಡಿದವು. ನೇರ ಅಂಚಾಗಲಿ ಚೌಕ ಮೂಲೆಯಾಗಲಿ ಇಲ್ಲದ, ಸಂದುಗಳ ಬಳಿ ದಪ್ಪಗಾಗಿ ನಡುವೆ ಸಣಕಲಾಗುವ ಆ ಲೋಹದ ತುಂಡುಗಳನ್ನು ಗುರುತು ಹೇಳದೆ ಕೈಗಿತ್ತರೆ ಯಾವುದೋ ಪ್ರಾಣಿಯ ಸೊಂಟದ ಮೂಳೆ ಎಂದೇ ಭಾವಿಸಬೇಕು. ಹಳೆಯ ಪದ್ಧತಿಯ ವಿನ್ಯಾಸಕ್ಕೆ ಹೋಲಿಸಿದರೆ ಇಂಥ ಭಾಗಗಳಲ್ಲಿ ಮೂರನೇ ಎರಡು ಪಾಲಿನವರೆಗೂ ತೂಕ ಉಳಿಸಬಹುದೆಂದು ನಾಸಾ ಹೇಳಿತ್ತು. ಬ್ರಾಕೆಟ್ಟಿಗೆ ಒಗ್ಗಿದ್ದು ಇಡೀ ನೌಕೆಯ ಕವಚಕ್ಕೆ ಏಕೆ ಒಗ್ಗಬಾರದು ಎಂಬ ಪ್ರಶ್ನೆಯನ್ನು ಆಮೇಲೆ ಹಲವರ ಬಾಯಲ್ಲಿ ಕೇಳಿದ್ದೇನೆ.

ನಾನು ವೃತ್ತಿಯಲ್ಲಿ ಲೋಹದ ರಚನೆಗಳ ಬಲವನ್ನು ಲೆಕ್ಕಹಾಕುವವನು. ಬಿಡುವಿನಲ್ಲಿ ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಗಳ ತಂತ್ರಾಂಶ ತೆರೆದುಕೊಂಡು ನೌಕೆಗಳ ಮಾದರಿ ಕಟ್ಟುವ ಹವ್ಯಾಸವೂ ಇದೆ. ಈ ಎರಡೂ ಕೆಲಸಗಳಲ್ಲಿ ಮೆಶ್, ಅಂದರೆ ಆಕಾರವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದ ಬಲೆ, ಸಮಾನವಾದರೂ ಒಂದು ಕಡೆಯ ಮೆಶ್ ಕಣ್ಣಿಗೆ ಉತ್ತರ ಕೊಟ್ಟರೆ ಸಾಕು, ಇನ್ನೊಂದು ಕಡೆಯದು ಬಲಕ್ಕೆ ಉತ್ತರ ಕೊಡಬೇಕು. ಅಸ್ಥಿಪಂಜರದಿಂದ ಸ್ಫೂರ್ತಿ ಪಡೆದ ಕವಚವೆಂದು ತೋರಿಸಲಾಗುವ ಬಹುಪಾಲು ಮಾದರಿಗಳಲ್ಲಿ ಎಲುಬಿನ ಆಕಾರ ಮಾತ್ರ ಇರುತ್ತದೆ. ಆ ಆಕಾರವನ್ನು ಹುಟ್ಟಿಸಿದ ಭಾರದ ಲೆಕ್ಕ ಇರುವುದಿಲ್ಲ. ಕವಚದ ವಿನ್ಯಾಸದಲ್ಲಿ ನಿಜವಾಗಿ ಕಷ್ಟದ ಕೆಲಸ ಎಲುಬು ಬರೆಯುವುದಲ್ಲ, ಎಲ್ಲೆಲ್ಲಿ ಎಲುಬು ಬೇಡ ಎಂದು ಕಂಡುಕೊಳ್ಳುವುದು ಎಂಬುದನ್ನು ಲೆಕ್ಕದ ಸಮೇತ ಹೇಳುವುದು ಈ ಬರಹದ ಉದ್ದೇಶ.

ಎಲುಬು ಮತ್ತು ಎಂಜಿನಿಯರಿಂಗ್‌ನ ನಂಟು ಹೊಸದಲ್ಲ. 1866ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅಂಗರಚನಾ ತಜ್ಞ ಹರ್ಮನ್ ಫಾನ್ ಮೇಯರ್ ಅವರು ತೊಡೆಮೂಳೆಯ ತುದಿಯನ್ನು ಸೀಳಿ, ಅದರೊಳಗಿನ ಸ್ಪಂಜಿನಂಥ ಎಲುಬೆಳೆಗಳ ಜೋಡಣೆಯನ್ನು ವಿದ್ವಾಂಸರ ಮುಂದಿಟ್ಟಾಗ, ಅಲ್ಲಿದ್ದ ಕಾರ್ಲ್ ಕುಲ್ಮನ್ ಅವರಿಗೆ ಅದು ತಾವು ಬಾಗಿದ ಕ್ರೇನ್‌ಗಳಿಗೆ ಬರೆಯುತ್ತಿದ್ದ ಒತ್ತಡ ರೇಖೆಗಳಂತೆಯೇ ಕಂಡಿತು. ಕುಲ್ಮನ್ ಸೇತುವೆ, ಚೌಕಟ್ಟುಗಳ ಬಲವನ್ನು ರೇಖಾಚಿತ್ರಗಳಿಂದ ಲೆಕ್ಕಹಾಕುವ ವಿದ್ಯೆಯನ್ನು ಬೆಳೆಸಿದವರು. ಕ್ರೇನ್‌ನ ತುದಿಗೆ ಭಾರ ತೂಗಿದಾಗ ಒಳಬದಿಯಲ್ಲಿ ಅದುಮುವ ಬಲವೂ ಹೊರಬದಿಯಲ್ಲಿ ಎಳೆಯುವ ಬಲವೂ ಯಾವ ಯಾವ ಹಾದಿಯಲ್ಲಿ ಇಳಿಯುತ್ತವೆಯೋ, ತೊಡೆಮೂಳೆಯ ತಲೆಯ ಮೇಲೆ ದೇಹದ ತೂಕ ಕೂತಾಗ ಎಲುಬೆಳೆಗಳು ಹೆಚ್ಚುಕಡಿಮೆ ಅದೇ ಹಾದಿಯಲ್ಲಿ ಸಾಲುಗಟ್ಟಿದ್ದವು. 1892ರಲ್ಲಿ ಬರ್ಲಿನ್‌ನ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ ಇದನ್ನು ಒಂದು ನಿಯಮದ ಮಟ್ಟಕ್ಕೆ ಏರಿಸಿ, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನೇ ಬದಲಿಸಿಕೊಳ್ಳುತ್ತದೆ ಎಂದು ಸಾರಿದರು. ಮೇಯರ್ ಚಿತ್ರಕ್ಕೂ ಕುಲ್ಮನ್ ರೇಖೆಗಳಿಗೂ ಇರುವ ಹೋಲಿಕೆ ಹೇಳುವಷ್ಟು ನಿಖರವಲ್ಲವೆಂದು ನಂತರದ ವಿಜ್ಞಾನಿಗಳು ತಕರಾರು ತೆಗೆದಿದ್ದಾರೆ. ಒಂದೇ ಭಾರ ಹೊತ್ತು ನಿಂತ ಕ್ರೇನ್‌ಗೂ ದಿನವಿಡೀ ನಡೆಯುವ, ಏಳುವ, ಕೂರುವ ಕಾಲಿಗೂ ವ್ಯತ್ಯಾಸವಿದೆ. ಆ ತಕರಾರು ನನಗೆ ಸರಿಯೆನ್ನಿಸುತ್ತದೆ. ಆದರೂ ಎಲುಬಿನ ರೂಪವೆಂದರೆ ಅದು ಹೊತ್ತ ಭಾರಗಳ ದಾಖಲೆ ಎಂಬ ಮೂಲ ವಿಚಾರಕ್ಕೆ ಅದರಿಂದ ಕುಂದಿಲ್ಲ.

ದಾಖಲೆಯೆಂದರೆ ಅಳಿಸಿಹೋಗಬಲ್ಲ ದಾಖಲೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಎಲುಬು ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಭಾರವೇ ಇಲ್ಲದ ಕಡೆ ಕರಗುವುದು ಹೆಚ್ಚು, ಕಟ್ಟುವುದು ಕಡಿಮೆ. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಗಗನಯಾತ್ರಿಗಳ ಸೊಂಟದಂಥ ಭಾರ ಹೊರುವ ಎಲುಬುಗಳು ತಡೆಯುವ ಕ್ರಮ ಕೈಗೊಳ್ಳದಿದ್ದರೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಖನಿಜ ಸಾಂದ್ರತೆ ಕಳೆದುಕೊಳ್ಳುತ್ತವೆ. ನೌಕೆಯ ವಿನ್ಯಾಸಕಾರ ಇದನ್ನು ತನ್ನ ಮೇಜಿನ ಮುಂದೆ ಬರೆದಿಟ್ಟುಕೊಳ್ಳಬೇಕು ಎನ್ನುತ್ತೇನೆ. ಏಕೆಂದರೆ ಒಳಗಿರುವವರ ಅಸ್ಥಿಪಂಜರ ಕಕ್ಷೆಯಲ್ಲಿ ಬಹುಪಾಲು ಕೆಲಸವಿಲ್ಲದೆ ಕೂತಿರುವಂತೆ ನೌಕೆಯ ಅಸ್ಥಿಪಂಜರವೂ ಅಲ್ಲಿ ಕೂತಿರುತ್ತದೆ. ಅದಕ್ಕೆ ಕೆಲಸವಿರುವುದು ಉಡಾವಣೆಯ ಕೆಲವು ನಿಮಿಷಗಳಲ್ಲಿ, ಮರುಪ್ರವೇಶದಲ್ಲಿ, ಧುಮುಕುಕೊಡೆ ಬಿಚ್ಚಿಕೊಂಡಾಗ, ನೀರಿಗೆ ಬಡಿದಾಗ, ಮತ್ತು ನೆಲದ ಮೇಲೆ ಕ್ರೇನಿಗೆ ತೂಗಿದಾಗ.

ಹಾಗಾದರೆ ಕಕ್ಷೆಯಲ್ಲಿ ಸದಾ ಕೆಲಸ ಮಾಡುವುದು ಯಾವುದು? ಚರ್ಮ. ಒಂದು ಉದಾಹರಣೆ ತೆಗೆದುಕೊಳ್ಳೋಣ: 4 ಮೀಟರ್ ವ್ಯಾಸದ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಉರುಳೆ, ಒಳಗೆ ಸಮುದ್ರಮಟ್ಟದ ಗಾಳಿ, ಹೊರಗೆ ನಿರ್ವಾತ. ಒಳಗಿನ ಗಾಳಿ ಪ್ರತಿ ಚದರ ಮೀಟರ್ ಗೋಡೆಯನ್ನು ಸುಮಾರು 10 ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಇದು ಕೇಳಲು ಭಯಂಕರವಾಗಿದೆ, ಲೆಕ್ಕಹಾಕಿದರೆ ಅಷ್ಟಿಲ್ಲ. ಗಾಳಿಯ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಸುತ್ತಳತೆಯ ದಿಕ್ಕಿನಲ್ಲಿ ಬರುವ ಎಳೆತ ಸುಮಾರು 68 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಎಂದರೆ ಪ್ರತಿ ಚದರ ಮಿ.ಮೀ.ಗೆ ಸುಮಾರು 100 ಗ್ರಾಂ ತೂಕದಷ್ಟು ಬಲ), ಉದ್ದದ ದಿಕ್ಕಿನಲ್ಲಿ ಅದರ ಅರ್ಧ. ನೌಕೆಗಳಿಗೆ ಬಳಸುವ 2219 ದರ್ಜೆಯ ಮಿಶ್ರಲೋಹ ಸೂಕ್ತವಾಗಿ ಹದಗೊಳಿಸಿದರೆ ಇದರ ನಾಲ್ಕೈದು ಪಟ್ಟು ಎಳೆತಕ್ಕೂ ಬಗ್ಗುವುದಿಲ್ಲ. ಅಂದರೆ ಗಾಳಿಯನ್ನು ಹಿಡಿದಿಡಲು ಬರಿಯ 3 ಮಿ.ಮೀ. ತಗಡೇ ಸಾಕು, ಒಂದೇ ಒಂದು ಪಕ್ಕೆಲುಬೂ ಬೇಡ. ಅಪೊಲೊ ಚಂದ್ರನೌಕೆಯ ಗೋಡೆ ಕೆಲವೆಡೆ 0.3 ಮಿ.ಮೀ.ನಷ್ಟು ತೆಳ್ಳಗಿತ್ತು, ಅದರೊಳಗಿನ ಗಾಳಿಯ ಒತ್ತಡ ಭೂಮಿಯದರ ಮೂರನೇ ಒಂದರಷ್ಟೇ ಇದ್ದದ್ದರಿಂದ ಅದು ಸಾಧ್ಯವಾಯಿತು.

ಇಲ್ಲಿ ನಮ್ಮ ಮಲೆನಾಡಿನ ಹಳೆಯ ಮನೆಗೂ ನೌಕೆಗೂ ಇರುವ ವ್ಯತ್ಯಾಸವನ್ನು ನೆನೆಯಬಹುದು. ಮಾಡಿನ ಭಾರವನ್ನು ಕಂಬ ತೊಲೆಗಳೇ ಹೊತ್ತ ಮನೆಯಲ್ಲಿ ನಡುವಿನ ಗೋಡೆ ಕೆಡವಿದರೂ ಮಾಡು ನಿಲ್ಲುತ್ತದೆ. ನೌಕೆಯ ಕವಚದಲ್ಲಿ ಗೋಡೆಯೇ ಮುಖ್ಯ ಆಳು, ಕಂಬ ಸಹಾಯಕ. ಎಲುಬನ್ನು ಮೊದಲು ಬರೆದು ಅದರ ಮೇಲೆ ಚರ್ಮ ಹೊದಿಸುವ ಅಭ್ಯಾಸದವರಿಗೆ ಈ ತಲೆಕೆಳಗು ಸಂಬಂಧ ಸುಲಭಕ್ಕೆ ಒಗ್ಗುವುದಿಲ್ಲ.

ಸಹಾಯಕ ಬೇಕಾಗುವುದು ಅದುಮುವ ಬಲ ಬಂದಾಗ. ತೆಳ್ಳಗಿನ ತಗಡು ಎಳೆತಕ್ಕೆ ಹುಲಿ, ಅದುಮಿದರೆ ಇಲಿ. ಅದೇ ಉರುಳೆಯನ್ನು ಮೇಲಿನಿಂದ ಒತ್ತಿದರೆ ಪುಸ್ತಕದ ಸೂತ್ರದ ಪ್ರಕಾರ ಅದು ಸುಮಾರು 63 ಮೆಗಾಪಾಸ್ಕಲ್‌ನಲ್ಲಿ ಸುಕ್ಕಾಗಿ ಕುಸಿಯಬೇಕು. ಆದರೆ ನಿಜವಾದ ಉರುಳೆಗಳು ಪರೀಕ್ಷೆಯಲ್ಲಿ ಅದಕ್ಕಿಂತ ಬಹಳ ಮೊದಲೇ ಕುಸಿಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುದಿಣ್ಣೆಗಳೂ ಸಾಕಾಗುತ್ತವೆ. ಅದಕ್ಕಾಗಿಯೇ ನಾಸಾ 1960ರ ದಶಕದಲ್ಲಿ ಎಸ್‌ಪಿ-8007 ಎಂಬ ಮಾರ್ಗದರ್ಶಿಯನ್ನು ಹೊರಡಿಸಿ, ಪುಸ್ತಕದ ಉತ್ತರವನ್ನು ಎಷ್ಟಕ್ಕೆ ಇಳಿಸಬೇಕೆಂದು ಸೂಚಿಸಿತು. ನಮ್ಮ ಉರುಳೆಗೆ ಆ ಇಳಿಕೆ ಅನ್ವಯಿಸಿದರೆ ನಂಬಬಹುದಾದದ್ದು ಸುಮಾರು 18 ಮೆಗಾಪಾಸ್ಕಲ್ ಮಾತ್ರ, ಅಂದರೆ ಒಟ್ಟು 68 ಟನ್ ಒತ್ತುಬಲ. ಹದಿನೈದು ಟನ್ನಿನ ನೌಕೆ ಉಡಾವಣೆಯಲ್ಲಿ ನಾಲ್ಕು ಪಟ್ಟು ಗುರುತ್ವ ಅನುಭವಿಸಿದರೆ 60 ಟನ್ ಆಗಿಯೇ ಹೋಯಿತು. ಅಡ್ಡಗಾಳಿಯ ಬಾಗುವಿಕೆ, ಕಂಪನ, ಸುರಕ್ಷತೆಯ ಅಂತರ ಯಾವುದಕ್ಕೂ ಜಾಗ ಉಳಿಯಲಿಲ್ಲ. ಒಳಗಿನ ಗಾಳಿ ಉರುಳೆಯನ್ನು ಬಿಗಿಯಾಗಿ ಹಿಡಿದು ಸ್ವಲ್ಪ ನೆರವಾಗುತ್ತದೆ, ಆದರೆ ಜನರ ಪ್ರಾಣವನ್ನು ಅದೊಂದನ್ನೇ ನಂಬಿ ಬಿಡಲಾಗದು.

ಈಗ ಅದೇ ಲೋಹವನ್ನು ಬೇರೆ ರೀತಿ ಹಂಚೋಣ. ತಗಡನ್ನು 2 ಮಿ.ಮೀ.ಗೆ ಇಳಿಸಿ, ಉಳಿದ 1 ಮಿ.ಮೀ.ನಷ್ಟು ಲೋಹದಿಂದ 15 ಮಿ.ಮೀ. ಎತ್ತರದ ಪಕ್ಕೆಗಳನ್ನು ಸಮಭುಜ ತ್ರಿಕೋನಗಳಾಗಿ ನಿಲ್ಲಿಸಿದರೆ ತೂಕ ಒಂದು ಗ್ರಾಂ ಕೂಡ ಹೆಚ್ಚದೆ ಗೋಡೆಯ ಬಾಗದಿರುವ ಗುಣ ಸುಮಾರು ಹನ್ನೆರಡು ಪಟ್ಟಾಗುತ್ತದೆ, ಒತ್ತಿದಾಗ ಕುಸಿಯುವ ಮಿತಿ ಸುಮಾರು ಮೂರು ಪಟ್ಟಾಗುತ್ತದೆ. ಇದೇ ಐಸೋಗ್ರಿಡ್. ಮೆಕ್‌ಡೊನೆಲ್ ಡಗ್ಲಸ್ ಸಂಸ್ಥೆಯವರು ನಾಸಾಗಾಗಿ ಸಿದ್ಧಪಡಿಸಿದ ಇದರ ಕೈಪಿಡಿ 1973ರಲ್ಲಿ ಹೊರಬಂತು. ತ್ರಿಕೋನ ಜಾಲದ ವಿಶೇಷವೆಂದರೆ ಅದು ಎಲ್ಲ ದಿಕ್ಕಿನಲ್ಲೂ ಒಂದೇ ತೆರನಾಗಿ ವರ್ತಿಸುತ್ತದೆ. ಹಾಗಾಗಿ ಸಾವಿರಾರು ಪಕ್ಕೆಗಳನ್ನು ಒಂದೊಂದಾಗಿ ಲೆಕ್ಕಹಾಕದೆ, ಅವೆಲ್ಲವನ್ನೂ ಅರೆದು ಹರಡಿದಂಥ ಒಂದು ಕಾಲ್ಪನಿಕ ತಗಡನ್ನು ಲೆಕ್ಕಹಾಕಿದರೆ ಸಾಕು. ಕಂಪ್ಯೂಟರ್ ದುಬಾರಿಯಾಗಿದ್ದ ಕಾಲಕ್ಕೆ ಇದು ದೊಡ್ಡ ಅನುಕೂಲ. ಬಾಹ್ಯಾಕಾಶ ನಿಲ್ದಾಣದ ಡೆಸ್ಟಿನಿ ಪ್ರಯೋಗಾಲಯದ ಹೊರಗೋಡೆಯಲ್ಲೂ ಚೌಕುಳಿಯಂಥ ಪಕ್ಕೆಗಳ ಜಾಲವಿದೆ, 8.5 ಮೀಟರ್ ಉದ್ದದ ಆ ಉರುಳೆ 2001ರ ಫೆಬ್ರವರಿಯಿಂದ ಕಕ್ಷೆಯಲ್ಲಿದೆ. ಆದರೆ ಐಸೋಗ್ರಿಡ್‌ಗೆ ಎಲುಬಿನ ಗುಣವಿಲ್ಲ. ಭಾರ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅದು ನೋಡುವುದಿಲ್ಲ, ಎಲ್ಲೆಡೆಯೂ ಒಂದೇ ತ್ರಿಕೋನ.

ಅಸ್ಥಿಪಂಜರದ ವಿಚಾರ ನಿಜವಾಗಿ ಬೆಲೆ ಬಾಳುವುದು ಈ ಏಕರೂಪತೆ ಮುರಿಯುವ ಕಡೆಗಳಲ್ಲಿ: ಬಾಗಿಲು, ಕಿಟಕಿ, ಇನ್ನೊಂದು ನೌಕೆಗೆ ಜೋಡಿಸುವ ಡಾಕಿಂಗ್ ಉಂಗುರ, ರಾಕೆಟ್ಟಿಗೆ ಬೆಸೆಯುವ ಬುಡ, ಧುಮುಕುಕೊಡೆಯ ಹಗ್ಗ ಕಟ್ಟುವ ಕೊಕ್ಕೆ. ಬಾಗಿಲನ್ನೇ ನೋಡೋಣ. ನಮ್ಮ ಉರುಳೆಯಲ್ಲಿ 1 ಮೀಟರ್ ವ್ಯಾಸದ ಹ್ಯಾಚ್ ಕೊರೆದರೆ, ಮುಚ್ಚಿದ ಬಾಗಿಲಿನ ಮೇಲೆ ಗಾಳಿ ಒತ್ತುವ ಬಲ 8 ಟನ್. ಅದು ಸೀಲ್ ಮತ್ತು ಅಗುಳಿಗಳ ಮೂಲಕ ಚೌಕಟ್ಟಿಗೆ ಬರುತ್ತದೆ. ಅದಕ್ಕಿಂತ ದೊಡ್ಡದು ಕಣ್ಣಿಗೆ ಬೀಳದ ಇನ್ನೊಂದು ಬಲ. ಗೋಡೆಯಲ್ಲಿ ಸುತ್ತಳತೆಯುದ್ದಕ್ಕೂ ಪ್ರತಿ ಮೀಟರಿಗೆ 20 ಟನ್ ಎಳೆತ ಹರಿಯುತ್ತಿರುತ್ತದೆ. ತೂತು ಕೊರೆದ ಜಾಗದಲ್ಲಿ ಆ ಎಳೆತಕ್ಕೆ ದಾರಿಯೇ ಇಲ್ಲ. ಅದು ಹತ್ತು ಟನ್ ಮೇಲಿಂದ, ಹತ್ತು ಟನ್ ಕೆಳಗಿಂದ ಬಳಸಿಕೊಂಡು ಹೋಗಬೇಕು. ತೂತಿನ ಅಂಚಿನಲ್ಲಿ ಒತ್ತಡ ಏರುವುದನ್ನು 1898ರಲ್ಲೇ ಜರ್ಮನಿಯ ಕಿರ್ಶ್ ಲೆಕ್ಕಹಾಕಿ ತೋರಿಸಿದ್ದರು. ಒಂದೇ ದಿಕ್ಕಿನ ಎಳೆತಕ್ಕೆ ಅದು ಮೂರು ಪಟ್ಟು. ಒತ್ತಡದ ಉರುಳೆಯಲ್ಲಿ ಉದ್ದದ ದಿಕ್ಕಿನ ಎಳೆತ ಸ್ವಲ್ಪ ಸಮಾಧಾನ ಮಾಡುವುದರಿಂದ ಎರಡೂವರೆ ಪಟ್ಟು. ನಮ್ಮ 68 ಮೆಗಾಪಾಸ್ಕಲ್ ಅಲ್ಲಿ 170ಕ್ಕೆ ಏರುತ್ತದೆ. ಹ್ಯಾಚ್ ಸುತ್ತ ದಪ್ಪ ಉಂಗುರ ಇಡುವುದು ಎಲ್ಲರಿಗೂ ಹೊಳೆಯುವ ಪರಿಹಾರ.

ಎಲುಬು ಮಾತ್ರ ಇದನ್ನು ಬೇರೆ ರೀತಿ ಬಗೆಹರಿಸಿಕೊಂಡಿದೆ. ಎಲುಬಿನೊಳಗೆ ರಕ್ತನಾಳ ಹೋಗಲು ಸಹಜವಾದ ತೂತುಗಳಿರುತ್ತವೆ. ಓಡುವ ಕುದುರೆಯ ಮುಂಗಾಲಿನ ಉದ್ದ ಎಲುಬಿನಲ್ಲೂ ಅಂಥದೊಂದು ತೂತಿದೆ. ಅಷ್ಟು ಬಲ ಬೀಳುವ ಎಲುಬು ಮುರಿದರೂ ಆ ತೂತಿನ ಬಳಿ ಮುರಿಯುವುದು ಅಪರೂಪ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ರಾಪಾಫ್ ಮತ್ತು ಸಂಗಡಿಗರು 2000ರ ದಶಕದ ಆರಂಭದಲ್ಲಿ ಇದರ ಕಾರಣ ಹುಡುಕಿದರು. ತೂತಿನ ತೀರಾ ಅಂಚಿನಲ್ಲಿ ಎಲುಬು ಗಟ್ಟಿಯಾಗಿರುವ ಬದಲು ಮೃದುವಾಗಿತ್ತು, ಗಟ್ಟಿ ಭಾಗ ಅಂಚಿನಿಂದ ತುಸು ದೂರದಲ್ಲಿ ಉಂಗುರದಂತೆ ಕೂತಿತ್ತು. ಬಲವು ಗಟ್ಟಿ ಇರುವ ಕಡೆಗೆ ಹರಿಯುವುದರಿಂದ ಅತಿ ಹೆಚ್ಚಿನ ಒತ್ತಡ ಬಿರುಕು ಹುಟ್ಟುವ ಅಂಚನ್ನು ಬಿಟ್ಟು ಆ ಗಟ್ಟಿ ಉಂಗುರಕ್ಕೆ ಸರಿಯುತ್ತಿತ್ತು. ಅದೇ ಮಾದರಿಯಲ್ಲಿ ಮಾಡಿದ ತೂತಿನ ಫಲಕಗಳು ಸಾಮಾನ್ಯ ತೂತಿನವಕ್ಕಿಂತ ಹೆಚ್ಚು ಭಾರ ಹೊತ್ತವು. ಎಲುಬಿನಿಂದ ಕಲಿಯುವುದೆಂದರೆ ನನ್ನ ಮಟ್ಟಿಗೆ ಇದು. ಕೊಂಬೆ ಕೊಂಬೆಯಾಗಿ ಹರಡಿದ ಜಾಲದ ಚಿತ್ರಕ್ಕಿಂತ ಈ ಒಂದು ತೂತು ವಿನ್ಯಾಸಕಾರನಿಗೆ ಹೆಚ್ಚು ಹೇಳುತ್ತದೆ.

ಇನ್ನು ಮೆಶ್ ಕಟ್ಟುವ ವಿಷಯ. ಬ್ಲೆಂಡರ್‌ನ ಸ್ಕಿನ್ ಮಾಡಿಫೈಯರ್, ಅಂಥದೇ ಇನ್ನೊಂದು ತಂತ್ರಾಂಶವಾದ ಜೀಬ್ರಶ್‌ನ ಜೀಸ್ಫಿಯರ್ ಮೊದಲಾದ ಸಲಕರಣೆಗಳೆಲ್ಲ ಒಂದೇ ತತ್ವದ ಮೇಲೆ ನಿಂತಿವೆ: ಬಿಂದುಗಳನ್ನೂ ಅವುಗಳನ್ನು ಜೋಡಿಸುವ ಗೆರೆಗಳನ್ನೂ ಬರೆದು, ಪ್ರತಿ ಬಿಂದುವಿಗೆ ಒಂದು ತ್ರಿಜ್ಯ ಕೊಟ್ಟರೆ, ತಂತ್ರಾಂಶವೇ ಗೆರೆಗಳಿಗೆ ಮಾಂಸ ತುಂಬುತ್ತದೆ. ಗೆರೆಯುದ್ದಕ್ಕೂ ಚೌಕ ಕೊಳವೆಯೊಂದನ್ನು ಎಳೆದು, ಗೆರೆಗಳು ಕೂಡುವ ಕಡೆ ಕೊಳವೆಗಳ ಬಾಯಿಗಳನ್ನೆಲ್ಲ ಒಳಗೊಳ್ಳುವ ಉಬ್ಬು ಬಹುಮುಖಿಯೊಂದನ್ನು ಕೂರಿಸಿ, ಕೊನೆಗೆ ಕ್ಯಾಟ್ಮಲ್ ಮತ್ತು ಕ್ಲಾರ್ಕ್ 1978ರಲ್ಲಿ ಕೊಟ್ಟ ವಿಧಾನದಿಂದ ಎಲ್ಲವನ್ನೂ ನಯಗೊಳಿಸುವುದು ಇದರ ಕ್ರಮ. ಫಲಿತಾಂಶ ಎಲುಬಿನಂತೆ ಕಾಣುವುದು ಈ ನಯಗೊಳಿಸುವಿಕೆಯಿಂದಲೇ. ಸಂದಿನಲ್ಲಿ ದಪ್ಪ, ನಡುವೆ ತೆಳು ಎಂಬ ಲಕ್ಷಣ ಒಂದು ಪೈಸೆಯ ಬಲ ಲೆಕ್ಕವಿಲ್ಲದೆ ಪುಕ್ಕಟೆ ಬಂದುಬಿಡುತ್ತದೆ, ಮೋಸವೂ ಅಲ್ಲೇ.

ಹಾಗೆಂದು ಈ ವಿಧಾನವನ್ನು ನಾನು ತಳ್ಳಿಹಾಕುವುದಿಲ್ಲ. ಬಿಂದು, ಗೆರೆ, ತ್ರಿಜ್ಯ ಎಂಬ ಮೂರು ಮಾಹಿತಿ ಬಲ ವಿಶ್ಲೇಷಣೆಯ ಬೀಮ್ (ತೊಲೆ) ಮಾದರಿಗೆ ಬೇಕಾದ ಮಾಹಿತಿಯೂ ಹೌದು. ಆದ್ದರಿಂದ ಮಾಂಸ ತುಂಬುವ ಮೊದಲೇ ಆ ಗೆರೆಗಳನ್ನು ನೇರವಾಗಿ ಫೈನೈಟ್ ಎಲಿಮೆಂಟ್ ತಂತ್ರಾಂಶಕ್ಕೆ (ರಚನೆಯನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಬಲ ಲೆಕ್ಕಹಾಕುವಂಥದಕ್ಕೆ) ಕೊಟ್ಟು, ಗೋಡೆಯನ್ನು ಶೆಲ್ (ತೆಳು ತಗಡು) ಎಂದೂ ಗೆರೆಗಳನ್ನು ಬೀಮ್ ಎಂದೂ ಹೇಳಿ ಭಾರ ಹೊರಿಸಿದರೆ ಕೆಲವು ಸೆಕೆಂಡುಗಳಲ್ಲಿ ಯಾವ ಎಲುಬು ದುಡಿಯುತ್ತಿದೆ, ಯಾವುದು ಸುಮ್ಮನೆ ಜೊತೆಗೂಡಿದೆ ಎಂದು ತಿಳಿಯುತ್ತದೆ. ದುಡಿಯದವುಗಳ ತ್ರಿಜ್ಯ ಇಳಿಸಿ, ಬಳಲುತ್ತಿರುವವುಗಳದನ್ನು ಏರಿಸಿ ಮತ್ತೆ ಭಾರ ಹೊರಿಸುವುದು. ವೋಲ್ಫ್ ನಿಯಮವನ್ನು ಕೈಯಾರೆ ನಡೆಸಿದಂತೆ. ಇಲ್ಲಿ ಮರೆಯಬಾರದ ಒಂದು ವಿವರವಿದೆ. ಪಕ್ಕೆಯ ನಡುಗೆರೆ ಗೋಡೆಯ ನಡುಮೈಯಲ್ಲಿಲ್ಲ, ಅದರಿಂದ ಎಂಟೊಂಬತ್ತು ಮಿ.ಮೀ. ಆಚೆಗಿದೆ. ಬೀಮ್ ಅನ್ನು ಗೋಡೆಯ ಬಿಂದುಗಳಿಗೇ ಕಟ್ಟಿ ಈ ಅಂತರವನ್ನು ನಮೂದಿಸದಿದ್ದರೆ, ಪಕ್ಕೆಯನ್ನು ಎತ್ತರಕ್ಕೆ ನಿಲ್ಲಿಸಿದ್ದರ ಲಾಭದ ಬಹುಭಾಗ ಲೆಕ್ಕದಿಂದ ಮಾಯವಾಗಿ, ವಿನ್ಯಾಸಕಾರ ಹೆದರಿ ಬೇಡದ ಲೋಹ ಸೇರಿಸುತ್ತಾನೆ.

ಗೆರೆಗಳು ಒಪ್ಪಿತವಾದ ಮೇಲೆ ಮಾಂಸ ತುಂಬಿದ ಘನ ಮೆಶ್ ಬೇಕಾಗುತ್ತದೆ, ಸಂದುಗಳ ಒತ್ತಡ ಬೀಮ್ ಮಾದರಿಯಲ್ಲಿ ಸಿಗುವುದಿಲ್ಲವಾದ್ದರಿಂದ. ನೋಟಕ್ಕಾಗಿ ಹುಟ್ಟಿದ ಮೆಶ್ ಇಲ್ಲಿ ಕೈಕೊಡುತ್ತದೆ. ಮೂರು ಮುಖಗಳು ಒಂದೇ ಅಂಚನ್ನು ಹಂಚಿಕೊಂಡಿರುವುದು, ಒಳಗೆ ಹೂತುಹೋದ ಮುಖಗಳು, ಒಂದಕ್ಕೊಂದು ತೂರಿದ ಕೊಳವೆಗಳು ಪರದೆಯ ಮೇಲೆ ಕಾಣುವುದೇ ಇಲ್ಲ. ಘನ ಎಲಿಮೆಂಟ್ ತುಂಬಲು ಹೊರಟ ತಂತ್ರಾಂಶ ಮಾತ್ರ ಅಲ್ಲೇ ನಿಲ್ಲುತ್ತದೆ. ಇದನ್ನು ದಾಟಿದವರಿಗೆ ಎದುರಾಗುವುದು ಇನ್ನೂ ಸೂಕ್ಷ್ಮವಾದ ಅಪಾಯ. ನಾಲ್ಕೇ ಬಿಂದುಗಳ ಸರಳ ಚತುರ್ಮುಖಿ ಎಲಿಮೆಂಟ್‌ಗಳಿಂದ ಸಪೂರ ಎಲುಬನ್ನು ತುಂಬಿದರೆ ಅದು ಇರುವುದಕ್ಕಿಂತ ಬಹಳ ಗಟ್ಟಿಯೆಂದು ಲೆಕ್ಕ ಹೇಳುತ್ತದೆ, ಏಕೆಂದರೆ ಅಂಥ ಎಲಿಮೆಂಟ್‌ಗೆ ಬಾಗಲು ಬರುವುದಿಲ್ಲ. ಎಲಿಮೆಂಟ್‌ಗಳು ಹೀಗೆ ಬೀಗ ಹಾಕಿಕೊಂಡಂತೆ ಸೆಟೆದು ನಿಲ್ಲುವುದರ ಮೂಲವನ್ನು ಬಗೆದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿದ್ದ ಗಂಗನ್ ಪ್ರತಾಪ್ ಪ್ರಮುಖರು. ಎಲಿಮೆಂಟ್‌ನೊಳಗಿನ ಚಲನೆಯ ಊಹೆಗಳು ಪರಸ್ಪರ ಹೊಂದದಿದ್ದರೆ ಇಲ್ಲದ ಗಟ್ಟಿತನ ಹುಟ್ಟುತ್ತದೆಂದು 1980ರ ದಶಕದಲ್ಲಿ ಅವರು ವಿವರಿಸಿದರು. ಎಲುಬಿನಾಕಾರದ ರಚನೆಗಳಲ್ಲಿ ಎಲ್ಲವೂ ಸಪೂರ, ಎಲ್ಲವೂ ಬಾಗಿದ್ದು; ಆದ್ದರಿಂದ ಈ ದೋಷ ಬೇರೆಲ್ಲಕ್ಕಿಂತ ಇಲ್ಲಿ ಹೆಚ್ಚು ಕಾಡುತ್ತದೆ. ಹತ್ತು ಬಿಂದುಗಳ ಎಲಿಮೆಂಟ್ ಬಳಸುವುದು, ಮೆಶ್ ಅನ್ನು ಇನ್ನಷ್ಟು ಸಣ್ಣದಾಗಿಸಿ ಉತ್ತರ ಬದಲಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ.

ಇದರ ವಿರುದ್ಧ ದಿಕ್ಕಿನ ದಾರಿಯೂ ಇದೆ. ನಾವು ಗೆರೆ ಬರೆಯುವುದೇ ಬೇಡ, ಜಾಗವನ್ನೆಲ್ಲ ಸಣ್ಣ ಇಟ್ಟಿಗೆಗಳಿಂದ ತುಂಬಿಸಿ, ಭಾರವನ್ನೂ ಆಧಾರವನ್ನೂ ಹೇಳಿ, ಕೆಲಸವಿಲ್ಲದ ಇಟ್ಟಿಗೆಗಳನ್ನು ಗಣಿತವೇ ಕಳಚಲಿ ಎಂಬ ಟೋಪಾಲಜಿ ಆಪ್ಟಿಮೈಸೇಷನ್. ಬೆಂಡ್ಸೊ ಮತ್ತು ಕಿಕುಚಿ ಅವರ 1988ರ ಲೇಖನದಿಂದ ಇದು ಬೆಳೆಯಿತು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಿ. ಕೆ. ಅನಂತಸುರೇಶ್ ಅವರ ಬಳಗ ಈ ಕ್ಷೇತ್ರದಲ್ಲಿ ಕೆಲಸ ಮಾಡಿದೆ. 2017ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಬೋಯಿಂಗ್ 777ರ ರೆಕ್ಕೆಯೊಳಗನ್ನು ನೂರು ಕೋಟಿಗೂ ಮೀರಿದ ಇಟ್ಟಿಗೆಗಳಾಗಿ ಒಡೆದು ಸೂಪರ್‌ಕಂಪ್ಯೂಟರಿನಲ್ಲಿ ಹೀಗೆ ಕಳಚಿಸಿದಾಗ ಉಳಿದದ್ದು ಹಕ್ಕಿಯ ಎಲುಬಿನ ಒಳಭಾಗವನ್ನು ಹೋಲುವ ಬಾಗು ಪಕ್ಕೆಗಳು. ಎಲುಬನ್ನು ಯಾರೂ ಅನುಕರಿಸದಿದ್ದರೂ ಎಲುಬು ಬಂತು ಎಂಬುದು ಸ್ವಾರಸ್ಯ. ಉಳಿತಾಯ ಮಾತ್ರ ರೆಕ್ಕೆಯ ತೂಕದಲ್ಲಿ ಶೇ 2ರಿಂದ 5. ಹಳೆಯ ಎಂಜಿನಿಯರುಗಳು ಸ್ಕೇಲು ಪೆನ್ಸಿಲ್ ಹಿಡಿದು ಎಷ್ಟು ಹತ್ತಿರ ಬಂದಿದ್ದರೆಂಬುದಕ್ಕೆ ಇದಕ್ಕಿಂತ ಪ್ರಶಂಸಾಪತ್ರ ಬೇಕಿಲ್ಲ.

ಈ ದಾರಿಯಲ್ಲಿ ದೊರೆಯುವುದು ಇಟ್ಟಿಗೆಗಳ ಒರಟು ರಾಶಿ. ಅದರಿಂದ ಮತ್ತೆ ಗೆರೆಗಳನ್ನು ಹೊರತೆಗೆಯಬೇಕು. ಆಕಾರವೊಂದರ ಅಂಚಿಗೆಲ್ಲ ಒಟ್ಟಿಗೆ ಬೆಂಕಿಯಿಟ್ಟರೆ ಒಳಮುಖವಾಗಿ ಬರುವ ಜ್ವಾಲೆಗಳು ಪರಸ್ಪರ ಸಂಧಿಸುವ ಜಾಗಗಳೇ ಆ ಆಕಾರದ ನಡುಗೆರೆ ಎಂದು ಹ್ಯಾರಿ ಬ್ಲಮ್ 1967ರಲ್ಲಿ ಕೊಟ್ಟ ಕಲ್ಪನೆಯೇ ಇಂದಿಗೂ ಇದಕ್ಕೆ ಆಧಾರ. ಹೊರತೆಗೆದ ಗೆರೆಗೆ ಜ್ವಾಲೆ ನಡೆದ ದೂರವೇ ತ್ರಿಜ್ಯ; ಅಲ್ಲಿಗೆ ಬಿಂದು, ಗೆರೆ, ತ್ರಿಜ್ಯಗಳ ಮಾದರಿ ಮರಳಿ ಕೈಗೆ ಬಂತು. ಎರಡೂ ದಾರಿಗಳನ್ನು ಬೆರೆಸುವುದು ನನಗೆ ಹಿಡಿಸಿದ ಪದ್ಧತಿ: ಹ್ಯಾಚ್ ಮತ್ತು ಬುಡದ ಸುತ್ತ ಮಾತ್ರ ಗಣಿತಕ್ಕೆ ಬಿಟ್ಟು, ಉಳಿದ ಗೋಡೆಗೆ ತ್ರಿಕೋನ ಜಾಲವನ್ನೇ ಇಡುವುದು.

ಗಣಿತ ಮಾಡುವುದು ಹೇಳಿದ ಭಾರಕ್ಕೆ ಮಾತ್ರ ಉತ್ತರ. ಎಲುಬಿಗೆ ಯಾರೂ ಭಾರದ ಪಟ್ಟಿ ಕೊಡಬೇಕಿಲ್ಲ, ಅದು ಬದುಕುತ್ತಲೇ ಕಲಿಯುತ್ತದೆ. ಲೋಹಕ್ಕೆ ಒಂದೊಂದನ್ನೂ ಹೇಳಬೇಕು. ಉಡಾವಣೆಯ ಒತ್ತು ಹೇಳಿ ಅಡ್ಡ ಕಂಪನ ಹೇಳದಿದ್ದರೆ ಅಡ್ಡಪಟ್ಟಿಗಳನ್ನೆಲ್ಲ ಗಣಿತ ಕಳಚಿಬಿಡುತ್ತದೆ. ರಾಕೆಟ್ಟಿನ ಸದ್ದು ಹೇಳದಿದ್ದರೆ ದೊಡ್ಡ ತೆಳು ಫಲಕಗಳು ಉಳಿದುಕೊಂಡು ಡೋಲಿನಂತೆ ಅದುರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ನೆಲದ ಮೇಲಿನ ಭಾರಗಳು: ಕ್ರೇನಿನ ಕೊಕ್ಕೆ, ಅಡ್ಡ ಮಲಗಿಸಿ ಲಾರಿಯಲ್ಲಿ ಸಾಗಿಸುವುದು, ಜೋಡಣೆಯ ಕಟ್ಟೆಯ ಮೇಲೆ ತಿರುಗಿಸುವುದು. ಈ ಯಾವುದಕ್ಕೂ ನೌಕೆಯ ಪ್ರಯಾಣದ ಚಿತ್ರದಲ್ಲಿ ಜಾಗವಿಲ್ಲ, ಆದರೆ ನೌಕೆ ಅಂತರಿಕ್ಷ ಕಾಣುವ ಮೊದಲು ಇವೆಲ್ಲವನ್ನೂ ದಾಟಬೇಕು.

ತಯಾರಿಕೆಯ ಮಿತಿಗಳನ್ನು ಹೆಚ್ಚು ಬೆಳೆಸುವುದಿಲ್ಲ. ಗಾಳಿ ಹಿಡಿಯುವ ಗೋಡೆ ಸೋರಬಾರದು. ನಾಲ್ಕು ಮೀಟರ್ ಗೋಡೆಯನ್ನು ಲೋಹದ ಪುಡಿಯಿಂದ ಮುದ್ರಿಸಿ ಅದರಲ್ಲಿ ಒಂದೂ ಸೂಜಿಮೊನೆ ರಂಧ್ರವಿಲ್ಲವೆಂದು ಸಾಬೀತುಪಡಿಸುವುದು ಇಂದಿಗೆ ಸುಲಭವಲ್ಲ. ಚಂದ್ರನತ್ತ ಹೋದ ನಾಸಾದ ಆರ್ಟೆಮಿಸ್-1ರ ಒರಾಯನ್ ನೌಕೆಯ ಒತ್ತಡದ ಕೋಶವನ್ನು ದೊಡ್ಡ ಅಲ್ಯೂಮಿನಿಯಂ ತುಂಡುಗಳನ್ನು ಕಡೆದು, ಏಳೇ ಏಳು ತುಂಡುಗಳಾಗಿ ಮಾಡಿ ಬೆಸೆದರು. ಬೆಸುಗೆ ಕಡಿಮೆಯಾದಷ್ಟೂ ತೂಕವೂ ಅನುಮಾನವೂ ಕಡಿಮೆ. ನಮ್ಮ ಗಗನಯಾನದ ಸಿಬ್ಬಂದಿ ಕೋಶ ಎರಡು ಗೋಡೆಗಳದ್ದು: ಒಳಗೆ ಗಾಳಿ ಹಿಡಿಯುವ ಲೋಹದ ಕೋಶ, ಹೊರಗೆ ಶಾಖ ತಡೆಯುವ ಹೊದಿಕೆಯನ್ನು ಹೊತ್ತ, ಗಾಳಿಯ ಒತ್ತಡವಿಲ್ಲದ ರಚನೆ. ಇದಕ್ಕೆ ಮುನ್ನ 2014ರ ಡಿಸೆಂಬರ್ 18ರಂದು 126 ಕಿ.ಮೀ. ಎತ್ತರಕ್ಕೆ ಹೋಗಿ ಬಂಗಾಳ ಕೊಲ್ಲಿಗೆ ಇಳಿದ ಪ್ರಾಯೋಗಿಕ ಕೋಶದ ಮೂಲ ರಚನೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿತ್ತು. ಎರಡು ಗೋಡೆಗಳ ಈ ವಿಂಗಡಣೆ ಅಸ್ಥಿಪಂಜರದ ವಿಚಾರಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ನನ್ನ ಅಭಿಪ್ರಾಯ. ಒಳಗೋಡೆ ಚರ್ಮದ ಕೆಲಸ ಮಾಡಲಿ, ಸರಳವಾಗಿರಲಿ. ಎಲುಬಿನಾಕಾರದ ಸಾಹಸಗಳೆಲ್ಲ ಸೋರುವ ಭಯವಿಲ್ಲದ ಹೊರರಚನೆಯಲ್ಲಿ, ಒಳಗಿನ ಆಸನ, ಟ್ಯಾಂಕ್, ಉಪಕರಣಗಳ ಆಧಾರಗಳಲ್ಲಿ ನಡೆಯಲಿ.

ಸದ್ಯಕ್ಕೆ ನನ್ನ ಮಾದರಿಯಲ್ಲಿ ಕೈಗೆತ್ತಿಕೊಂಡಿರುವುದು ಎಲುಬೊಂದು ಮುರಿದರೆ ಏನಾಗುತ್ತದೆ ಎಂಬ ಪ್ರಶ್ನೆ. ಬೇಡದ್ದನ್ನೆಲ್ಲ ಕಳಚಿದ ರಚನೆಯಲ್ಲಿ ಬದಲಿ ದಾರಿಗಳೂ ಕಳಚಿಹೋಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಬಿರುಕು ಬಿಟ್ಟ ಅಲ್ಯೂಮಿನಿಯಂ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಬೀಮ್ ಮಾದರಿಯಿಂದ ಒಂದೊಂದೇ ಗೆರೆಯನ್ನು ಅಳಿಸಿ ಇಡೀ ಭಾರಪಟ್ಟಿಯನ್ನು ಮತ್ತೆ ಹೊರಿಸುವ ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಇದರಿಂದ ತೂಕ ಸ್ವಲ್ಪ ಮೇಲೇರುತ್ತದೆ, ಚಿತ್ರ ಎಲುಬಿಗಿಂತ ಹಳೆಯ ಐಸೋಗ್ರಿಡ್ ಕಡೆಗೆ ಸ್ವಲ್ಪ ವಾಲುತ್ತದೆ. ಹ್ಯಾಚ್‌ನ ಉಂಗುರವನ್ನು ಕುದುರೆಯ ಎಲುಬಿನ ರೀತಿಯಲ್ಲಿ ಅಂಚಿನಿಂದ ಆಚೆ ಸರಿಸಿ ನೋಡಿದಾಗ ಅಂಚಿನ ಒತ್ತಡವೇನೋ ಇಳಿಯಿತು. ಆದರೆ ಕುದುರೆಯ ಎಲುಬಿನ ತೂತಿಗೆ ಯಾರೂ ರಬ್ಬರ್ ಸೀಲ್ ಕೂರಿಸಬೇಕಿಲ್ಲ. ಮೃದುವಾದ ಅಂಚು 8 ಟನ್ ಒತ್ತಿನಡಿ ಅಲೆಯಲೆಯಾಗಿ ಬಾಗಿದರೆ ಬಾಗಿಲು ಸೋರುತ್ತದೆ. ಅಂಚಿಗೆ ಒಂದು ತೆಳ್ಳಗಿನ ಸೀಲ್ ಪಟ್ಟಿ, ಅದರಾಚೆ ಮೃದುವಾದ ಗೋಡೆ, ಅದರಾಚೆ ಬಲದ ಉಂಗುರ ಎಂಬ ಮೂರು ಪದರಗಳ ಜೋಡಣೆಯನ್ನು ಈಗ ಮೆಶ್ ಮಾಡುತ್ತಿದ್ದೇನೆ.